ದೇಸಾಯಿ ಹೊಲ

ಬೆಳೆ ಸಮೀಕ್ಷೆಗೆಂದು ಮೇಡ್ಲೇರಿಗೆ ಹೋಗಿದ್ದೆ. ಊರವರು ಹೇಳಿದ ಗುರುತಿನ ಮೇಲೆ ಹೊಲ ಮುಟ್ಟಿ, ಬದುವಿನ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದೆ: "ದೇಸಾಯಿ ಹೊಲ ಇದೇ ಏನಬೇ?"

ಅಜ್ಜಿ ಕುಡುಗೋಲು ಕೆಳಗಿಟ್ಟಳು.

"ಯಾವ ದೇಸಾಯಿ? ಉಳಾವ್ರು ನಾವು. ಅರ್ಧ ರಾಶಿ ಅವನ ವಾಡೇಕ್ಕ ಹಾಕಿ, ಚಪ್ಪಲಿ ಕೈಯಾಗ ಹಿಡಕೊಂಡು ಬರತಿದ್ವಿ. ಉಳುವವನೇ ಒಡೆಯ ಅಂತ ಕಾಯ್ದೆ ಬಂತು, ಹೊಲ ನಮ್ಮದಾತು. ನನ್ನ ಮೊಮ್ಮಕ್ಕಳಿಗೆ ಮಕ್ಕಳಾದ್ರೂ ನಿಮ್ಮ ಬಾಯಾಗಿಂದ ಅಂವ ಇನ್ನೂ ಇಳದಿಲ್ಲ! ನಿಂಗವ್ವನ ಹೊಲ ಅಂತ ಕೇಳು. ಅಲ್ಲೀಮಟ ಒಳಗ ಕಾಲಿಡಬ್ಯಾಡ."

"ನಿಂಗವ್ವನ ಹೊಲ ಇದೇ ಏನ್ರೀ?" ಎಂದು ಮತ್ತೆ ಕೇಳಿದೆ.

"ಹೂಂ, ಬಾ."

ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಬದು ದಾಟಿದೆ. ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ತುರುಕಿಕೊಂಡೆ. ನನ್ನ ಅಡ್ಡಹೆಸರೂ ದೇಸಾಯಿಯೇ.