ಪೂರ್ವದ ಕಿಟಕಿಯ ಸೂರ್ಯಾಸ್ತ

ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಭೂತಗನ್ನಡಿ ಎಂದು. ಓದುಗರು ಕಳಿಸುವ ಫೋಟೋಗಳಲ್ಲಿ ಒಂದನ್ನು ಆರಿಸಿ ‘ಈ ವಾರದ ಆಕಾಶ’ ಅಂಕಣಕ್ಕೆ ಕೊಡುವುದು ಅವನ ಕೆಲಸ. ಸೇರಿದ ಹೊಸದರಲ್ಲಿ ಯಾರೋ ಕಳಿಸಿದ ಬಿರುಗಾಳಿ ಮೋಡದ ಚಿತ್ರವೊಂದನ್ನು ಕಣ್ಣುಮುಚ್ಚಿ ಅಚ್ಚಿಗೆ ಬಿಟ್ಟಿದ್ದ. ಅದು ಇನ್ನಾವುದೋ ಊರಿನದು, ಇನ್ನಾವುದೋ ವರ್ಷದ್ದು ಎಂದು ಮರುದಿನವೇ ಬಯಲಾಯಿತು. ಪತ್ರಿಕೆ ಮೊದಲ ಪುಟದಲ್ಲೇ ಕ್ಷಮೆ ಕೇಳಬೇಕಾಯಿತು. ಸಂಪಾದಕರು ಬೈಯಲಿಲ್ಲ, ಒಂದು ವಾರ ಮಾತೇ ಬಿಟ್ಟರು. ಅದಾಗಿ ಹತ್ತೊಂಬತ್ತು ವರ್ಷ. ಆಮೇಲೆ ಅವನು ಯಾವ ಆಕಾಶವನ್ನೂ ಸುಮ್ಮನೆ ನಂಬಿದವನಲ್ಲ.

ಮನೆಯಲ್ಲೂ ಇದೇ ಕತೆ. “ಮೋಡ ಕವೀತಿದೆ, ಒಣಹಾಕಿದ ಬಟ್ಟೆ ತೆಗೀರಿ” ಎಂದು ಹೆಂಡತಿ ಕೂಗಿದರೆ, ಮೊದಲು ಕಿಟಕಿಗೆ ಹೋಗಿ ನೆಲದ ಮೇಲೆ ನೆರಳು ಎಷ್ಟು ಗಟ್ಟಿಯಾಗಿದೆ ಎಂದು ನೋಡುತ್ತಿದ್ದ. ಅವನು ತೀರ್ಮಾನಕ್ಕೆ ಬರುವಷ್ಟರಲ್ಲಿ ಬಟ್ಟೆ ತೊಪ್ಪೆಯಾಗಿರುತ್ತಿತ್ತು.

ಆದರೆ ಆಕಾಶ ಓದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೋಡವೇ ಇಲ್ಲದ ನೀಲಿಯನ್ನು ಅವನು ಬಣ್ಣ ಬಳಿದ ಗೋಡೆ ಎನ್ನುತ್ತಿದ್ದ, ಅದರಲ್ಲಿ ನೋಡಲಿಕ್ಕೆ ಏನಿದೆ? ನಡುಹಗಲಿನ ಬೆಳಕು ಒಳ್ಳೆಯ ಮೋಡವನ್ನೂ ಚಪ್ಪಟೆ ಮಾಡಿಬಿಡುತ್ತದೆ. ಹಿಂಜಿದ ಹತ್ತಿಯಂಥ ಮೋಡಕ್ಕೆ ಬೆಳಗಿನ ಬಿಸಿಲು ಬಿದ್ದರೆ ಮನಸ್ಸು ಹಗುರ. ಅದೇ ಮೋಡದ ಬೆನ್ನಿಗೆ ಸೂರ್ಯ ಸರಿದು ಅಂಚು ಮಾತ್ರ ಉರಿದರೆ, ನೋಡುವವನ ಎದೆಯಲ್ಲಿ ಏನೋ ಭಾರ.

ಒಬ್ಬ ಟೈಲರಮ್ಮನ ಫೋಟೋಗಳು ಬರತೊಡಗಿದಾಗ ಅವನ ನೆಮ್ಮದಿ ಹೋಯಿತು. ಪ್ರತಿ ಗುರುವಾರ ಇಮೇಲಿನಲ್ಲಿ ಒಂದು ಚಿತ್ರ, ಕೆಳಗೆ ವಿಳಾಸ, ಜೊತೆಗೆ ಒಂದೇ ಸಾಲು: ‘ನನ್ನ ಹೊಲಿಗೆ ಯಂತ್ರದ ಮುಂದಿನ ಕಿಟಕಿಯಿಂದ, ಸಂಜೆ.’ ನೇರಳೆಗೆ ತಿರುಗಿದ ದಟ್ಟ ಮೋಡ, ಅದರ ಹೊಟ್ಟೆಗೆ ಕೆಳಗಿನಿಂದ ತಗುಲಿದ ಮಂಕು ಕೆಂಪು. ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗೆ. ಮೂರು ವಾರ ಮೂರನ್ನೂ ಹಾಕಿದ. ಓದುಗರು ಮೆಚ್ಚಿ ಬರೆದರು. ಅವನಿಗೆ ಮಾತ್ರ ಆ ಬೆಳಕು ಏನನ್ನೋ ಮುಚ್ಚಿಡುತ್ತಿದೆ ಅನ್ನಿಸುತ್ತಲೇ ಇತ್ತು.

ನಾಲ್ಕನೆಯದರಲ್ಲಿ ಸಿಕ್ಕಿಬಿದ್ದಳು ಅಂದುಕೊಂಡ. ಮೋಡಗಳ ನಡುವೆ ಎಳೆಚಂದ್ರನಿದ್ದ. ಅವರ ಊರಿನಲ್ಲಿ ಸಂಜೆಯ ಎಳೆಚಂದ್ರನ ಬೆಳಗಿದ ಅಂಚು ಬಲಕ್ಕಿರಬೇಕು, ಇಲ್ಲಿ ಎಡಕ್ಕಿತ್ತು. ವಿಳಾಸವನ್ನು ಮತ್ತೆ ನೋಡಿದ. ಆ ಬೀದಿಯ ಆ ಸಾಲಿನಲ್ಲೇ ಹಿಂದೆ ಅವನು ಕೂದಲು ಕತ್ತರಿಸಿಕೊಳ್ಳುತ್ತಿದ್ದ. ಬೆಳಿಗ್ಗೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆಂದು ಕ್ಷೌರಿಕ ಪರದೆ ಎಳೆಯುತ್ತಿದ್ದದ್ದು ನೆನಪಾಯಿತು. ಅಂದರೆ ಬೀದಿಯ ಕಡೆಯ ಕಿಟಕಿಗಳೆಲ್ಲ ಪೂರ್ವಕ್ಕೆ. ಪೂರ್ವದಲ್ಲಿ ಸೂರ್ಯಾಸ್ತ!

“ಸಾರ್, ಈಕೆ ಯಾರದ್ದೋ ಫೋಟೋ ಕದ್ದು, ಗೊತ್ತಾಗಬಾರದು ಅಂತ ಎಡಬಲ ತಿರುಗಿಸಿ ಕಳಿಸ್ತಿದ್ದಾಳೆ” ಎಂದು ಸಂಪಾದಕರ ಮುಂದಿಟ್ಟ.

“ಖಾತ್ರೀನಾ, ಅನುಮಾನಾನಾ?”

“ಚಂದ್ರನೇ ತಿರುಗಿದಾನೆ ಸಾರ್.”

“ಹಾಗಾದ್ರೆ ಹೋಗಿ ಮುಖ ನೋಡಿ ಕೇಳ್ರೀ. ಕೂತಲ್ಲೇ ಕೂತು ಯಾರನ್ನೂ ಕಳ್ಳರು ಮಾಡ್ಬೇಡಿ.”

ಹೋಗಲು ಅವನಿಗೆ ಐದು ವಾರ ಬೇಕಾಯಿತು. ಅಷ್ಟರಲ್ಲಿ ಬಂದ ಐದು ಚಿತ್ರಗಳನ್ನೂ ಹಾಕದೆ ಪಕ್ಕಕ್ಕಿಟ್ಟ. ಕೊನೆಗೊಂದು ಸಂಜೆ, ಒಂದು ಪ್ಯಾಂಟನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಬೀದಿಯಲ್ಲಿ ನಿಂತು ಎರಡನೇ ಮಹಡಿಯ ಆ ಕಿಟಕಿಯನ್ನೇ ಬಹಳ ಹೊತ್ತು ನೋಡಿದ. ಅನುಮಾನವೇ ಇಲ್ಲ, ಪೂರ್ವವೇ.

ಮೇಲಿನ ಕೋಣೆ ಚಿಕ್ಕದು. ಕತ್ತರಿಸುವ ಮೇಜಿನ ಕೆಳಗೆ ಬಟ್ಟೆಯ ಚಿಂದಿ, ಗೋಡೆಗೆ ದಾರದ ಉಂಡೆಗಳ ಸಾಲು. ಗುಂಡಿ ಹಾಕುತ್ತ ಕೂತಿದ್ದ ಹುಡುಗಿ ಟೈಲರಮ್ಮನ ನಾದಿನಿ. ಅವನನ್ನು ಕಂಡವಳೇ, “ಅತ್ತಿಗೆ, ಕೆಳಗೆ ನಿಂತು ನಮ್ಮ ಕಿಟಕಿ ನೋಡ್ತಿದ್ದೋರು ಇವ್ರೇ” ಎಂದಳು.

ಟೈಲರಮ್ಮ ಪ್ಯಾಂಟು ತೆಗೆದುಕೊಂಡು ಅವನ ಸೊಂಟದಿಂದ ಟೇಪು ಇಳಿಬಿಟ್ಟಳು.

“ಒಂದು ಇಂಚು ಮೋಟು ಮಾಡ್ಬೇಕಿತ್ತು” ಎಂದ.

“ಅಳತೆ ಸರಿಯಾಗೇ ಇದೆ. ಇನ್ನೂ ಕತ್ತರಿಸಿದ್ರೆ ಕಾಲುಚೀಲ ಎಲ್ಲಾ ಕಾಣುತ್ತೆ. ನಿಜ ಹೇಳಿ, ನೀವ್ಯಾರು? ಯಾಕೆ ಬಂದ್ರಿ?”

ಅವನು ಚೀಲದಿಂದ ಚಂದ್ರನ ಫೋಟೋ ತೆಗೆದು ಮೇಜಿನ ಮೇಲಿಟ್ಟು, ತಾನು ಯಾರೆಂದು ಹೇಳಿದ.

“ಓಹೋ, ನನ್ನ ಫೋಟೋ ಮುಚ್ಚಿಟ್ಟೋರು ನೀವೇನಾ!” ಎಂದಳು. “ಬೇರೆ ಯಾರ ಹೆಸರಲ್ಲಾದ್ರೂ ಹಾಕ್ಕೊಳ್ತಾರಾ ಅಂತ ಐದು ವಾರದಿಂದ ಪೇಪರ್ ಕಾಯ್ತಿದೀನಿ.”

“ಕಿಟಕಿ ಪೂರ್ವಕ್ಕಿದೆಯಲ್ಲಮ್ಮಾ. ಸಂಜೆಗೆಂಪು ಇಲ್ಲಿ ಹೇಗೆ ಬರುತ್ತೆ?”

ಆಕೆ ಸ್ಟೂಲೊಂದನ್ನು ಕಾಲಿನಿಂದ ಅವನತ್ತ ತಳ್ಳಿದಳು. “ಕೂತ್ಕೊಳ್ಳಿ. ಇನ್ನೂ ಹೊತ್ತಿದೆ.”

ನೆಪ ಹುಡುಕಲು ಸಮಯ ತಗೊಳ್ಳುತ್ತಿದ್ದಾಳೆ ಎಂದುಕೊಂಡು ಕೂತ. ಎದುರು ಕಟ್ಟಡದ ಕಪ್ಪು ಗಾಜಿನ ಗೋಡೆ ಬೂದು ಬೂದಾಗಿ ಕಾಣುತ್ತಿತ್ತು. ಅವನು ಇಲ್ಲಿಗೆ ಬರುತ್ತಿದ್ದ ಕಾಲಕ್ಕೆ ಅದು ಇರಲಿಲ್ಲ. ನಡುವೆ ಆಕೆ ಎರಡು ಕಂದು ದಾರದ ಉಂಡೆಗಳನ್ನು ಕಿಟಕಿಗೆ ಹಿಡಿದಳು. “ಟ್ಯೂಬ್‌ಲೈಟಲ್ಲಿ ಎರಡೂ ಒಂದೇ. ಇಲ್ಲಿ ನೋಡಿ, ಒಂದ್ರಲ್ಲಿ ಕೆಂಪಿದೆ. ದಾರ ಹೊಂದಿಸೋಕೆ ಅಂತ ಕಿಟಕಿಗೆ ಬರ್ತಾ ಬರ್ತಾನೇ ಇದೆಲ್ಲ ಕಣ್ಣಿಗೆ ಬಿತ್ತು.”

ಸ್ವಲ್ಪ ಹೊತ್ತಿಗೆ ಎದುರಿನ ಗಾಜು ಬಣ್ಣಕ್ಕೆ ತಿರುಗಿತು. ಇವರ ತಲೆಯ ಹಿಂದಿನ, ಇವರದೇ ತಾರಸಿಯ ಮೇಲಿನ ಪಡುವಣ ಆಕಾಶ ಪೂರ್ತಿ ಅದರಲ್ಲಿ ಬಂದು ನಿಂತಿತು. ಕನ್ನಡಿಯೊಳಗೆ ಎಡಬಲ ಅದಲುಬದಲು. ಚಂದ್ರನ ಗುಟ್ಟು ಅವನಿಗೆ ಹೊಳೆಯಿತು.

ಆದರೂ ಅವನು ಭೂತಗನ್ನಡಿ. “ಒಂದು ನಿಮಿಷ” ಎಂದವನೇ ಮೆಟ್ಟಿಲು ಹತ್ತಿ ತಾರಸಿಗೆ ಓಡಿದ. ಪಶ್ಚಿಮದಲ್ಲಿ ಅವೇ ಮೋಡಗಳು, ಅದೇ ಆಕಾರ. ಆದರೆ ಇಲ್ಲಿ ಅವು ತಿಳಿ ಕಿತ್ತಳೆ ಬಣ್ಣಕ್ಕೆ ಹರಡಿಕೊಂಡು ಆರಾಮಾಗಿದ್ದವು. ಕೆಳಗೆ ಕಪ್ಪು ಗಾಜು ಅರ್ಧ ಬೆಳಕನ್ನು ನುಂಗಿ, ಅವಕ್ಕೇ ಆ ಗುಮಾನಿಯ ಮುಖ ಕೊಟ್ಟಿತ್ತು. ಇಷ್ಟು ವರ್ಷ ಮೋಡ ನೋಡಿದವನಿಗೆ, ಬೆಳಕು ಯಾವ ದಾರಿಯಲ್ಲಿ ಬಂತು ಎಂದು ಕೇಳಬೇಕೆಂದೇ ಹೊಳೆದಿರಲಿಲ್ಲ. ಅಲ್ಲಿ ಒಬ್ಬನೇ ನಿಂತು ನಾಚಿದ.

ಇಳಿದು ಬಂದು, “ತಪ್ಪಾಯ್ತಮ್ಮಾ” ಎಂದ.

“ಸರಿ. ಈಗ ನಿಮ್ಮ ಗುರುತಿನ ಚೀಟಿ ತೋರ್ಸಿ. ನೀವು ಪೇಪರ್‌ನೋರೇ ಅಂತ ನನಗೇನು ಖಾತ್ರಿ?” ಎಂದಳು. ನಾದಿನಿ ಕಿಸಕ್ಕನೆ ನಕ್ಕಳು. ಆಕೆ ನಗಲಿಲ್ಲ. ಚೀಟಿಯನ್ನೂ ಅವನ ಮುಖವನ್ನೂ ಎರಡೆರಡು ಸಲ ನೋಡಿಯೇ ವಾಪಸು ಕೊಟ್ಟಳು.

ಆ ವಾರ ಎಳೆಚಂದ್ರನ ಚಿತ್ರ ದೊಡ್ಡದಾಗಿ ಬಂತು. ಅದು ಗಾಜಿನಲ್ಲಿ ಕಂಡ ಬಿಂಬ, ಐದು ವಾರ ತಡವಾದದ್ದು ತಮ್ಮದೇ ತಪ್ಪು ಎಂಬ ಸಾಲನ್ನು, ಯಾರೂ ಹೇಳದಿದ್ದರೂ, ಅವನೇ ಸೇರಿಸಿದ. ಅದನ್ನು ಓದಿದ ಹೆಂಡತಿ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಅವನ ಅನುಮಾನವೇನೂ ಹೋಗಲಿಲ್ಲ. ಸಂಶಯ ಬಂದ ಚಿತ್ರವನ್ನು ಪಕ್ಕಕ್ಕಿಡುವ ಬದಲು ಈಗ ಕಳಿಸಿದವರಿಗೆ ಮೊದಲು ಫೋನ್ ಮಾಡುತ್ತಾನೆ, ಅಷ್ಟೇ. ಮುಂದಿನ ಗುರುವಾರ ಟೈಲರಮ್ಮನ ಚಿತ್ರದ ಜೊತೆ ಗಳಿಗೆ, ದಿಕ್ಕು, ಗಾಜು ಎಷ್ಟು ಅಡಿ ದೂರ ಎಂಬುದೆಲ್ಲ ಅಳತೆಪಟ್ಟಿಯ ಹಾಗೆ ಬರೆದು ಬಂದಿತ್ತು.

“ಇಷ್ಟೆಲ್ಲ ಬೇಕಿರ್ಲಿಲ್ಲಮ್ಮಾ” ಎಂದು ಫೋನಿನಲ್ಲಿ ಹೇಳಿದ.

“ಬೇಕಿತ್ತು. ನಿಮ್ಮ ವಿಷಯ ನನಗೆ ಗೊತ್ತಲ್ಲ.”

ಅವನು ನಕ್ಕು ಫೋನ್ ಇಟ್ಟ. ಆಮೇಲೆ ಪಂಚಾಂಗದಲ್ಲಿ ಆ ದಿನದ ಸೂರ್ಯಾಸ್ತದ ಗಳಿಗೆ ಹುಡುಕಿ, ಆಕೆ ಬರೆದದ್ದರೊಂದಿಗೆ ತಾಳೆ ನೋಡಿದ. ಸರಿಯಾಗಿತ್ತು.