ಸುಟ್ಟ ರುಚಿ ಹಿಡಿಯುವ ನಾಲಿಗೆ

ಶೆನ್‌ಜೆನ್‌ನ ಇ-ಸಿಗರೇಟ್ ಕಾರ್ಖಾನೆಯಲ್ಲಿ ಗುಯ್‌ಜೆನ್‌ಳ ಕೆಲಸ ಸೇದಿ ನೋಡುವುದು. ಸಿಗರೇಟಿನೊಳಗಿನ ದ್ರವ ಆವಿಯಾಗಲೆಂದು ಇಂಜಿನಿಯರ್ ಲುವೊ ಅದನ್ನು ಒಮ್ಮೆ ಬಿಸಿ ತಂತಿಯಿಂದ ಕಾಯಿಸುತ್ತಿದ್ದ, ಒಮ್ಮೆ ಬಿಸಿ ಪಿಂಗಾಣಿಯಿಂದ. ಸುಟ್ಟ ರುಚಿ ಬಂತೋ ಇಲ್ಲವೋ ಇವಳ ನಾಲಿಗೆ ಹೇಳಬೇಕು. ಆ ನಾಲಿಗೆ ಕೆಡಬಾರದೆಂದು, ಖಾರದಲ್ಲೇ ಬೆಳೆದ ಈ ಹುನಾನ್ ಹೆಣ್ಣು ಎಂಟು ವರ್ಷ ಮೆಣಸಿನಕಾಯಿ ಮುಟ್ಟಿರಲಿಲ್ಲ. ಕ್ಯಾಂಟೀನಿನಲ್ಲಿ ಪಕ್ಕದವರ ಬಟ್ಟಲಿನ ಘಾಟಿಗೇ ಬಾಯಲ್ಲಿ ನೀರೂರಿದರೂ ಸಪ್ಪೆ ಗಂಜಿ ಕುಡಿದು ಏಳುತ್ತಿದ್ದಳು.

ಕೊನೆಗೆ ಲುವೊ ಕಾಯಿಸುವುದನ್ನೇ ಬಿಟ್ಟು, ಬರೀ ಕಂಪನದಿಂದ ಆವಿ ಎಬ್ಬಿಸಿದ.

"ಇನ್ನು ಸುಡೋ ಮಾತೇ ಇಲ್ಲ ಅಕ್ಕ. ನಿಮ್ಮ ನಾಲಿಗೆ ನಿಮಗೇ ವಾಪಸ್," ಎಂದ.

ಅವಳು ಕೂಡಲೇ ಊರಿಗೆ ಫೋನ್ ಮಾಡಿದಳು. "ಹಬ್ಬಕ್ಕೆ ಬರ್ತೀನಮ್ಮ. ಮೀನಿನ ತಲೆಗೆ ನೀನು ಜಾಡೀಲಿ ಉಪ್ಪು ಹಾಕಿಡೋ ಮೆಣಸಿನಕಾಯಿ ಸುರಿದು ಮಾಡು."

ಅತ್ತ ಕಡೆಯಿಂದ ಅಮ್ಮ ಹೇಳಿದಳು:

"ನೀನು ತಿನ್ನಲ್ಲ ಅಂತ ನಾನೂ ಖಾರ ಬಿಟ್ಟೆ ಕಣೇ. ಆ ಜಾಡಿ ತೊಳೆದು ಬೋರಲು ಹಾಕಿ ಎಂಟು ವರ್ಷ ಆಯ್ತು."