ನಡುಗಡ್ಡೆಯ ಫೋಟೋ

ಗಜೇಂದ್ರಗಡದ ಫೋಟೋ ಅಂಗಡಿಯಲ್ಲಿ ಮಹೇಶ್ವರಿ ಫೋನು ಮುಂದಿಟ್ಟಳು.

"ಇದರಾಗ ನಮ್ಮ ಮನಿಯವರು ಅದಾರ. ದೊಡ್ಡದು ಮಾಡಿ ಕಟ್ಟು ಹಾಕಿಕೊಡ್ರಿ. ನಾಡಿದ್ದು ವರ್ಷದ ಪೂಜಿ ಐತಿ."

ಅಂಗಡಿಯ ಸಲಾವುದ್ದೀನ ನೋಡಿದ. "ಅವ್ವಾರ, ಇದರಾಗ ನೀವೂ ಅದೀರಲ್ಲ. ಬದುಕಿದ್ದವರ ಫೋಟೋಕ್ಕ ಮಾಲಿ ಹಾಕಬಾರದು. ನಿಮ್ಮನ್ನ ಕತ್ತರಿಸಿ ತಗೀಬೇಕಾಗತೈತಿ."

"ಓಟಿನ ಕಾರ್ಡಿನ ಫೋಟೋ ಐತಲ್ಲ," ಎಂದಳು ಜೊತೆಗೆ ಬಂದಿದ್ದ ಮರಿಯವ್ವ. ಅವಳು ಮಹೇಶ್ವರಿಯ ಗಂಡ ಸಂಗನಬಸವನ ಅಕ್ಕ. "ಅದಕ್ಕ ಕೋಟು, ರುಮಾಲು ಹಚ್ಚಿಕೊಡ್ತಾನ. ನಾಕು ಮಂದಿ ನೋಡೂವಂಗ ಇರಬೇಕು."

"ಅವರು ಕೋಟು ಹಾಕಿದ್ದನ್ನ ನೀವು ಯಾವಾಗ ನೋಡೀರಿ? ಕಾರ್ಡಿನ್ಯಾಗ ಕಳವು ಮಾಡಿ ಸಿಕ್ಕವರಂಗ ಕಾಣ್ತಾರ. ನನಗ ಇದ ಬೇಕು."

ಈ ಎರಡು ಬಿಟ್ಟರೆ ಸಂಗನಬಸವನ ಫೋಟೋ ಬೇರೆ ಇರಲಿಲ್ಲ. ಮಕ್ಕಳೂ ಇರಲಿಲ್ಲ. ಗೋಡೆಯ ಮೇಲೆ ಯಾವ ಮುಖ ಕೂರುತ್ತದೋ ಅದರ ಜೊತೆಗೇ ಅವಳು ಇನ್ನು ಮುಂದೆ ಇರಬೇಕು.

ಸಂಗನಬಸವ ತಮ್ಮೂರು ಸೂಡಿಯಲ್ಲಿ ಮೂವತ್ತೊಂದು ವರ್ಷ ನಳಗಳಿಗೆ ನೀರು ಬಿಟ್ಟವನು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ನಸುಕಿನಲ್ಲೇ ಹೊರಡುತ್ತಿದ್ದ. ಒಂದೊಂದು ಓಣಿಗೆ ನಾಲ್ಕು ದಿನಕ್ಕೊಮ್ಮೆ ಪಾಳಿ. ಅವನನ್ನು ಕಂಡವರು ಆರಾಮೇನು ಎಂದು ಕೇಳುತ್ತಿರಲಿಲ್ಲ, ನೀರು ಯಾವಾಗ ಎಂದು ಕೇಳುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಕೂತಾಗಲೂ ಅದೇ ಮಾತು. ಅದಕ್ಕೇ ಅವನು ಒಂದು ರಾತ್ರಿಯೂ ಪರವೂರಿನಲ್ಲಿ ಉಳಿದಿರಲಿಲ್ಲ.

ಮೂರು ವರ್ಷದ ಹಿಂದೆ ದೀಪಾವಳಿಗೆ ಮಿಕ್ಸರ್ ಕೊಂಡಾಗ ಅಂಗಡಿಯವರು ಒಂದು ಕೂಪನ್ ಕೊಟ್ಟಿದ್ದರು. ಅದಕ್ಕೆ ಬಹುಮಾನ ಬಂತು. ಇಬ್ಬರಿಗೆ ಅಂಡಮಾನಿನ ಒಂದು ಸಣ್ಣ ನಡುಗಡ್ಡೆಯಲ್ಲಿ ನಾಲ್ಕು ದಿನ, ಹೋಗಿಬರುವ ಖರ್ಚೂ ಅಂಗಡಿಯವರದೇ.

"ನೀರು ಯಾರು ಬಿಡತಾರ?" ಎಂದ ಸಂಗನಬಸವ.

ಪಕ್ಕದ ಮನೆಯ ಮೌಲಾಸಾಬ ಕೀಲಿ ಕಸಿದುಕೊಂಡ. "ನಾ ಬಿಡತೀನಿ, ಹೋಗೋ ದೋಸ್ತ. ಸೂಡ್ಯಾಗ ನೀನೊಬ್ಬನ ಏನ ಗಂಡಸು?"

ಮಹೇಶ್ವರಿ ನಲವತ್ತು ಕಡಕ್ ರೊಟ್ಟಿ ಬಡಿದಳು. ನಾಲ್ಕು ದಿನ ಬರೀ ಅನ್ನ ತಿಂದು ಇರುವುದು ಹೇಗೆ? ರೊಟ್ಟಿಯನ್ನು ಹಳೇ ಧೋತರದಲ್ಲಿ ಕಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಇಟ್ಟುಕೊಂಡು ವಿಮಾನ ಹತ್ತಿದಳು, ಆಮೇಲೆ ಹಡಗು.

ನಡುಗಡ್ಡೆ ಭಾಳ ಸಣ್ಣದು. ಮುಂಜಾನೆ ನಡೆಯಲು ಹತ್ತಿದರೆ ಊಟದ ಹೊತ್ತಿಗೆ ಸುತ್ತು ಮುಗಿಯುತ್ತಿತ್ತು. ನಾಲ್ಕೂ ಕಡೆ ನೀರು. ಸಂಗನಬಸವ ದಂಡೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಇಷ್ಟೊಂದು ನೀರು. ಇದರ ವಾಲ್ವ ಎಲ್ಲೈತಿ?" ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದ. "ಒಂದು ಓಣಿಗೂ ಬರಂಗಿಲ್ಲ ತಗೊ."

ದಿನಾ ನಸುಕಿಗೆ ಎಚ್ಚರಾಗಿ ಫೋನು ಹಚ್ಚುತ್ತಿದ್ದ. "ಅಗಸಿ ಓಣಿಗೆ ಬಿಟ್ಟಿಯೇನು?" ಮೂರನೆಯ ದಿನ ಮೌಲಾಸಾಬ, "ಇನ್ನೊಮ್ಮಿ ಫೋನ ಮಾಡಿದಿ ಅಂದರ ಊರಿಗೆಲ್ಲಾ ನೀರು ಬಂದ್ ಮಾಡತೀನಿ" ಎಂದ. ಆಮೇಲೆ ಮಾಡಲಿಲ್ಲ.

ಎರಡನೆಯ ದಿನ ಮಹೇಶ್ವರಿ ಗಂಟು ಬಿಚ್ಚಿದ್ದಳು. ರೊಟ್ಟಿ ಹಸಿ ಅರಿವೆಯ ಹಾಗೆ ಜೋತುಬಿದ್ದವು. ಸೂಡಿಯಲ್ಲಿ ತಿಂಗಳಾದರೂ ಕರಕ್ಕೆನ್ನುವ ರೊಟ್ಟಿ. ಅವಳ ಮುಖ ಸಣ್ಣದಾಯಿತು.

"ನನ್ನ ಕೈ ಕೆಟ್ಟಿತೇನ್ರಿ?"

"ಕೈ ಅಲ್ಲಲೇ, ಗಾಳಿ. ಸಮುದ್ರದ ಗಾಳಿ ಹಸಿ ಇರತೈತಿ."

ಅವನೇ ಧೋತರ ಹಾಸಿ ಉಸುಕಿನ ಮೇಲೆ ನಲವತ್ತೂ ರೊಟ್ಟಿ ಬಿಸಿಲಿಗೆ ಹರವಿದ. ಶಂಖ ಹೊತ್ತ ಸಣ್ಣ ಏಡಿಗಳು ಬಂದವು. ಜೋಳದ ಹೊಲದಲ್ಲಿ ಹಕ್ಕಿ ಕಾಯುವವನಂತೆ ಟವೆಲ್ ಬೀಸುತ್ತ ಮಧ್ಯಾಹ್ನದವರೆಗೆ ಕೂತ. "ಹೋಗ್ರಲೇ, ಇದು ನಿಮ್ಮ ಪಾಳಿ ಅಲ್ಲ."

ಆದರೂ ರೊಟ್ಟಿ ಒಣಗಲಿಲ್ಲ. ಮುರಿಯಲು ಹೋದರೆ ಬಾಗಿದವು. ಮಹೇಶ್ವರಿಗೆ ನಗು ಬಂತು. ಒಂದನ್ನು ಮಡಚಿ ಚಟ್ನಿ ಹಚ್ಚಿ ಅವನ ಬಾಯಿಗೆ ಹಿಡಿದಳು. ಊರಿನಲ್ಲಿ ನಾಲ್ಕು ಜನರ ಎದುರು ಅವನ ಪಕ್ಕದಲ್ಲಿ ಕೂತವಳೂ ಅಲ್ಲ. ಅವನು ಕಚ್ಚಿ ಎಳೆದ, ಹರಿಯಲಿಲ್ಲ, ಕಣ್ಣು ಮುಚ್ಚಿ ನಕ್ಕ. ಅಷ್ಟರಲ್ಲಿ ಹೋಟೆಲಿನ ಹೆಂಗಸು ಅವರದೇ ಫೋನಿನಲ್ಲಿ ಫೋಟೋ ತೆಗೆದಳು.

ಹೋದ ವರ್ಷ ಒಂದು ಮುಂಜಾನೆ ಅಗಸಿ ಓಣಿಗೆ ನೀರು ಬಿಟ್ಟು ವಾಲ್ವಿನ ಗುಂಡಿಯ ಪಕ್ಕ ಕೂತ ಸಂಗನಬಸವ ಮತ್ತೆ ಏಳಲಿಲ್ಲ. ಆ ದಿನ ಆ ಓಣಿಗೆ ಹತ್ತು ಗಂಟೆಯವರೆಗೆ ನೀರು ಬಂತು. ಬಂದ್ ಮಾಡುವವರಿರಲಿಲ್ಲ.

ಸಲಾವುದ್ದೀನ ಕಂಪ್ಯೂಟರಿನಲ್ಲಿ ಆ ಫೋಟೋದಿಂದ ಮಹೇಶ್ವರಿಯನ್ನು ತೆಗೆಯುತ್ತಾ ಬಂದ. ಮುಖ ಹೋಯಿತು, ಭುಜ ಹೋಯಿತು. ಅಲ್ಲೆಲ್ಲ ಸಮುದ್ರ ತುಂಬಿದ. ಕೈ ಹತ್ತಿರ ಬಂದು ನಿಂತ.

"ಕೈ ತಗದರ ರೊಟ್ಟಿ ಗಾಳ್ಯಾಗ ನಿಂದರತೈತ್ರಿ. ರೊಟ್ಟಿನೂ ತಗದರ ಸುಮ್ಮನ ಬಾಯಿ ತಗದು ಕುಂತಂಗ ಕಾಣತಾರ."

"ಅದಕ್ಕ ಹೇಳಿದ್ದು, ಕೋಟು ಹಚ್ಚು," ಎಂದಳು ಮರಿಯವ್ವ.

"ಕೈ ಇರಲಿ," ಎಂದಳು ಮಹೇಶ್ವರಿ.

"ಹಸಿರ ಬಳಿ ಹಾಕಿದ ಕೈಗೆ ಮಾಲಿ ಹಾಕತಿಯೇನ? ಬದುಕಿದ್ದ ಕೈ ಅದು," ಎಂದಳು ಮರಿಯವ್ವ.

ಮಹೇಶ್ವರಿ ತನ್ನ ಬಲಗೈಯನ್ನು ಟೇಬಲ್ಲಿನ ಮೇಲಿಟ್ಟಳು. ಬರಿಗೈ.

"ಎಲ್ಲೈತ್ರಿ ಆ ಕೈ? ನೀವ ಒಡದೀರಲ್ಲ ಬಳಿ."

ಮರಿಯವ್ವ ಹೊರಗಿನ ಬಸ್ಸಿನ ಕಡೆ ಮುಖ ತಿರುಗಿಸಿದಳು. ಆಮೇಲೆ ಸಲಾವುದ್ದೀನನಿಗೆ, "ಕಟ್ಟು ಚಲೋದು ಹಾಕು. ಕರೇದು ಬ್ಯಾಡ," ಎಂದಳು.

ಪೂಜೆಯ ದಿನ ಓಣಿ ಓಣಿಯವರು ಬಂದರು. ಮಾಲೆಯ ಕೆಳಗಿನಿಂದ ಆ ಕೈ ಕಾಣುತ್ತಿತ್ತು. ಮೌಲಾಸಾಬ ಹತ್ತಿರ ಹೋಗಿ ನೋಡಿ, "ರೊಟ್ಟಿ ಖರೇನ ಮೆತ್ತಗಾಗೈತಲ್ಲೊ," ಎಂದು ಕಣ್ಣೊರೆಸಿಕೊಂಡ.

ಎಲ್ಲರೂ ಹೋದ ಮೇಲೆ ಮಹೇಶ್ವರಿ ಎಡೆಯ ರೊಟ್ಟಿ ಎತ್ತಿಕೊಂಡಳು. ಮುರಿದಳು. ಅದು ಕರಕ್ಕೆಂದಿತು.